ಕಪಾಟಿನಿಂದ ಹೊರಬಂದ ಟ್ಯಾಬ್: ಉಡುಪಿಯ ಒಂದು ತರಗತಿಯ ಪ್ರಕರಣ

ಜುಲೈ ತಿಂಗಳ ಒಂದು ಬುಧವಾರ. ಹೊರಗೆ ಜೋರು ಮಳೆ. ನಾಲ್ಕನೇ ತರಗತಿಗೆ ಗಣಿತ ಮಾಡುತ್ತಿದ್ದೆ. ಪುಟ್ಟ ಕೂತಲ್ಲೇ ಕೈಕಾಲು ಬಿಗಿ ಮಾಡಿ ಕೂಗತೊಡಗಿದ. ಬಾಯಾರಿಕೆಯೋ ಏನೋ ಎಂದು ನೀರು ಹಿಡಿದೆ. ಮುಖ ತಿರುಗಿಸಿದ. ಚಳಿಯೋ ಎಂದು ಕಿಟಕಿ ಮುಚ್ಚಿದೆ. ಕೂಗು ಇನ್ನೂ ಜಾಸ್ತಿಯಾಯಿತು. ಸ್ವಲ್ಪ ಹೊತ್ತಿಗೆ ಅವನ ಚಡ್ಡಿ ಒದ್ದೆಯಾಯಿತು. ಇಡೀ ತರಗತಿ ನೋಡುತ್ತಿತ್ತು. ಅವನು ಅಳಲಿಲ್ಲ. ಕೂಗುವುದನ್ನು ನಿಲ್ಲಿಸಿ, ತಲೆ ತಗ್ಗಿಸಿ ಕೂತುಬಿಟ್ಟ.

ಅದೇ ಹೊತ್ತಿಗೆ, ಎರಡು ಕೋಣೆ ಆಚೆ, ಆಫೀಸಿನ ಕಪಾಟಿನಲ್ಲಿ ಅವನಿಗೆಂದೇ ಬಂದ ಟ್ಯಾಬ್ ಇತ್ತು, ಪರದೆಯ ಚಿತ್ರದ ಬಟನ್ ಒತ್ತಿದರೆ ಆ ಮಾತನ್ನು ದನಿಯಲ್ಲಿ ಹೇಳುವಂಥದ್ದು. ಕಪಾಟಿಗೆ ಬೀಗ. ಅದು ಹೊರಗೆ ಬರುತ್ತಿದ್ದದ್ದು ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಹನ್ನೊಂದರಿಂದ ಹನ್ನೊಂದೂವರೆ ತನಕ. ಆ ವೇಳಾಪಟ್ಟಿ ಬರೆದದ್ದು ನಾನೇ.

ಅವನನ್ನು ಇಲ್ಲಿ ಪುಟ್ಟ ಎಂದಷ್ಟೇ ಕರೆಯುತ್ತೇನೆ. ಊರು ಉಡುಪಿ ತಾಲೂಕಿನ ಕಡಲ ಬದಿ. ಶಾಲೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅದಕ್ಕಿಂತ ಹೆಚ್ಚಿನ ಗುರುತು ಬೇಡ.

ಹುಡುಗ ಮತ್ತು ಮನೆ

ಪುಟ್ಟನಿಗೆ ಆಗ ಒಂಬತ್ತು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಮೆದುಳಿನಿಂದ ಸ್ನಾಯುಗಳಿಗೆ ಹೋಗುವ ಅಪ್ಪಣೆ ಅವನಲ್ಲಿ ಸರಿಯಾಗಿ ತಲುಪುವುದಿಲ್ಲ. ಕೈ ಎತ್ತಬೇಕೆಂದರೆ ಇಡೀ ಮೈ ತಿರುಚುತ್ತದೆ. ಮಾತು ಬರುವುದಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತದೆ. ಇಷ್ಟು ನೋಡಿದವರು ಬುದ್ಧಿಯೂ ಕಡಿಮೆ ಎಂದು ತೀರ್ಮಾನ ಮಾಡಿಬಿಡುತ್ತಾರೆ. ತಪ್ಪು. ನಾನು ಕಥೆ ಹೇಳುವಾಗ ನಗುವ ಜಾಗ ಬರುವ ಮೊದಲೇ ಅವನ ಮುಖದಲ್ಲಿ ನಗು ಬಂದಿರುತ್ತದೆ. ಹೌದು ಎನ್ನಲು ಕಣ್ಣು ಮೇಲೆತ್ತುತ್ತಾನೆ. ಅಲ್ಲ ಎನ್ನಲು ಮುಖ ಪಕ್ಕಕ್ಕೆ ತಿರುಗಿಸುತ್ತಾನೆ.

ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಅಮ್ಮ ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದಾರೆ. ಮನೆಮಾತು ತುಳು. ಈ ಕೊನೆಯ ಸಂಗತಿಯನ್ನು ನಾನು ತುಂಬಾ ತಡವಾಗಿ ಗಮನಕ್ಕೆ ತಗೊಂಡೆ. ನನ್ನ ಮನೆಮಾತೂ ತುಳುವೇ. ಆದರೂ ಹೊಳೆಯಲಿಲ್ಲ.

ಒಂದರಿಂದ ಮೂರನೇ ತರಗತಿ ತನಕ ನಲಿಕಲಿಯಲ್ಲಿ ನಾನೇ ಅವನ ಟೀಚರ್. ನಾಲ್ಕಕ್ಕೂ ನಾನೇ ಬಂದೆ. ನಮ್ಮ ಬ್ಲಾಕಿನ ವಿಶೇಷ ಸಂಪನ್ಮೂಲ ಶಿಕ್ಷಕಿ, ನಾವು ಬಿಐಇಆರ್‌ಟಿ ಅನ್ನುವವರು, ತಿಂಗಳಿಗೆ ಎರಡು ಸಲವಾದರೂ ಬಂದು ನೋಡುತ್ತಿದ್ದರು. ಕೂರಲಿಕ್ಕೆ ಶಿಬಿರದಲ್ಲಿ ಎಲಿಮ್ಕೋದ (ಅಂಗವಿಕಲರ ಉಪಕರಣ ಮಾಡುವ ಸರ್ಕಾರಿ ಕಂಪನಿ) ಸಿಪಿ ಚೇರ್, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರ್ಚಿ, ಸಿಕ್ಕಿತ್ತು. ಟ್ಯಾಬ್ ಕೊಟ್ಟದ್ದು ಮುಂಬೈಯಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳು. ಅವನು ಮೂರನೇ ತರಗತಿಯಲ್ಲಿದ್ದಾಗ, ಜನವರಿಯಲ್ಲಿ, ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಕೊಟ್ಟರು. ಫೋಟೋ ತೆಗೆದರು. ಚಪ್ಪಾಳೆಯಾಯಿತು. ಮರುದಿನ ಅದು ದಾಸ್ತಾನು ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಕಪಾಟಿಗೆ.

ನಾನು ಮೊದಲು ಬರೆದ ಗುರಿಗಳು

ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಆಗ ನಾನು ಮೂರು ಗುರಿ ಬರೆದಿದ್ದೆ. ಟ್ಯಾಬ್ ಎದುರು 20 ನಿಮಿಷ ಗಮನ ಕೊಟ್ಟು ಕೂರುವುದು. ಹೆಸರು ಹೇಳಿದಾಗ ಸರಿಯಾದ ಚಿತ್ರ ಮುಟ್ಟುವುದು, 10ರಲ್ಲಿ 8 ಸಲ. ಅಕ್ಷರದ ಆ್ಯಪ್‌ನಲ್ಲಿ 20 ಕನ್ನಡ ಅಕ್ಷರ ಗುರುತಿಸುವುದು.

ಓದಿದರೆ ಒಳ್ಳೆಯ ಗುರಿಗಳೇ ಅನಿಸುತ್ತವೆ. ಅಳೆಯಬಹುದು, ತಪಾಸಣೆಗೆ ಬಂದವರಿಗೆ ತೋರಿಸಬಹುದು. ಏಪ್ರಿಲ್ ಹೊತ್ತಿಗೆ ಎರಡನೆಯ ಗುರಿ ಮುಟ್ಟಿದ್ದ. ಸೇಬು ಎಂದರೆ ಸೇಬು, ಆನೆ ಎಂದರೆ ಆನೆ. ನನಗೆ ಖುಷಿಯಾಗಿತ್ತು. ಬಿಆರ್‌ಸಿ, ಅಂದರೆ ಬ್ಲಾಕಿನ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಹೇಳಿಕೊಂಡೂ ಆಗಿತ್ತು.

ಜುಲೈಯ ಆ ಬುಧವಾರ ಸಂಜೆ ಅದೇ ಹಾಳೆ ತೆಗೆದು ಓದಿದೆ. ಮೂರು ಗುರಿಯೂ ಟ್ಯಾಬ್‌ನ ಬಗ್ಗೆ ಇದ್ದವು. ಪುಟ್ಟನ ದಿನದ ಬಗ್ಗೆ ಒಂದೂ ಇರಲಿಲ್ಲ. ಆನೆಯನ್ನು ಮುಟ್ಟಿ ತೋರಿಸಲು ಅವನಿಗೆ ಕಲಿಸಿದ್ದೆ. ಅವನು ಆನೆಯನ್ನು ನೋಡಿದ್ದು ಕೃಷ್ಣ ಮಠದ ರಥಬೀದಿಯಲ್ಲಿ ಒಂದೆರಡು ಸಲ ಇರಬಹುದು. ಬಾತ್‌ರೂಮಿಗೆ ಹೋಗಬೇಕು ಎನ್ನುವುದು ದಿನಕ್ಕೆ ನಾಲ್ಕು ಸಲದ ವಿಷಯ. ಅದಕ್ಕೆ ಒಂದು ಬಟನ್ ಇರಲಿಲ್ಲ. ಇನ್ನೊಂದು ಮಾತು: ಅಲ್ಲಿ ಪ್ರಶ್ನೆ ಯಾವಾಗಲೂ ನನ್ನದು, ಉತ್ತರ ಅವನದು. ಅವನಾಗಿ ಏನಾದರೂ ಹೇಳಲಿಕ್ಕೆ ಜಾಗವೇ ಇರಲಿಲ್ಲ. ಅದು ಪರೀಕ್ಷೆ, ಮಾತಲ್ಲ.

ಮತ್ತೆ ಕೂತು ಬರೆದದ್ದು

ಮರುವಾರ ನಾವು ಐದು ಜನ ಕೂತೆವು. ಪುಟ್ಟನ ಅಪ್ಪ, ಅಮ್ಮ, ಬಿಐಇಆರ್‌ಟಿ ಮೇಡಂ, ಮಣಿಪಾಲದಿಂದ ಬಂದ ಒಬ್ಬ ವಾಕ್ ಚಿಕಿತ್ಸಕಿ, ನಾನು. ಅಪ್ಪ ಬರಲು ಸಾಧ್ಯವಾದದ್ದು ಆಗ ಮೀನುಗಾರಿಕೆಗೆ ರಜೆ ಇದ್ದುದರಿಂದ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಈ ಭಾಗದ ಶಾಲೆಗಳಲ್ಲಿ ಅಪ್ಪಂದಿರನ್ನು ಕರೆಯಬೇಕಾದರೆ ಅದೇ ಸರಿಯಾದ ಸಮಯ. ಬೇರೆ ಟೀಚರ್‌ಗಳಿಗೂ ಇದನ್ನು ಹೇಳುತ್ತಿರುತ್ತೇನೆ.

ಚಿಕಿತ್ಸಕಿ ಮೊದಲು ಕೇಳಿದ್ದು ಟ್ಯಾಬ್‌ನ ವಿಷಯವಲ್ಲ. “ಅವನಿಗೆ ಏನು ಹೇಳಲಿಕ್ಕೆ ಆಗದೆ ನಿತ್ಯ ಕಷ್ಟ ಆಗ್ತಿದೆ?” ಎಂದರು. ಅಮ್ಮ ಕೂಡಲೇ ಹೇಳಿದರು: “ಬೇಡ ಅನ್ಲಿಕ್ಕೆ ಟೀಚರ್. ಎಲ್ಲರೂ ಬಾಯಿಗೆ ಇಡ್ತಾರೆ, ಎತ್ತಿಕೊಳ್ತಾರೆ, ಫೋಟೋ ತೆಗೀತಾರೆ. ಬೇಡ ಅಂದ್ರೆ ಯಾರಿಗೂ ಗೊತ್ತಾಗುವುದಿಲ್ಲ.”

ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಹೊಸ ಹಾಳೆಯಲ್ಲಿ ನಾವು ಬರೆದದ್ದು ಹೀಗೆ. ಬಾತ್‌ರೂಮಿಗೆ ಹೋಗಬೇಕು ಎಂದು ಯಾರೂ ಕೇಳದೆ ತಾನಾಗಿ ತಿಳಿಸುವುದು. ಬೇಡವಾದದ್ದನ್ನು ಬೇಡ ಎನ್ನುವುದು, ಮತ್ತು ಆ ಬೇಡವನ್ನು ನಾವು ಒಪ್ಪುವುದು. ತರಗತಿಯಲ್ಲಿ ದಿನಕ್ಕೆ ಒಂದು ಪ್ರಶ್ನೆಗಾದರೂ ಉಳಿದ ಮಕ್ಕಳ ಜೊತೆ ಉತ್ತರ ಕೊಡುವುದು. ಅಕ್ಷರದ ಗುರಿಯನ್ನು ಬಿಡಲಿಲ್ಲ, ಕೆಳಕ್ಕೆ ಇಳಿಸಿದೆವು.

ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ನನ್ನ ಗುರಿಗಳನ್ನೂ ಬರೆಸಿದರು. ಟ್ಯಾಬ್ ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಗಂಟೆ ತನಕ ಅವನ ಎದುರಿಗೇ ಇರಬೇಕು. ಪ್ರಶ್ನೆ ಕೇಳಿದ ಮೇಲೆ ನಾನು 10 ಸೆಕೆಂಡ್ ಸುಮ್ನೆ ಇರಬೇಕು. ಅವನ ಜೊತೆ ಮಾತಾಡುವಾಗ ನಾನೂ ಬಟನ್ ಒತ್ತಿ ಮಾತಾಡಬೇಕು. ಈ ಮೂರನೆಯದು ನನಗೆ ಆಗ ವಿಚಿತ್ರ ಅನಿಸಿತ್ತು. ಚಿಕಿತ್ಸಕಿ ಬಿಡಿಸಿ ಹೇಳಿದರು. ಯಾವ ಮಗುವೂ ಮಾತಾಡುವ ಮೊದಲು ತಿಂಗಳುಗಟ್ಟಲೆ ಮಾತು ಕೇಳಿಸಿಕೊಳ್ಳುತ್ತದೆ. ಟ್ಯಾಬ್‌ನಲ್ಲಿ ಮಾತಾಡುವ ಒಬ್ಬರನ್ನಾದರೂ ಪುಟ್ಟ ಈ ತನಕ ನೋಡಿದ್ದಾನಾ? ಇಲ್ಲ. ನೋಡದ ಭಾಷೆಯನ್ನು ಅವನು ಆಡುವುದು ಹೇಗೆ?

ಕಪಾಟಿನ ಬೀಗ

ಹೆಡ್‌ಮಾಷ್ಟ್ರು ಒಳ್ಳೆಯವರು. ಅವರ ಹೆದರಿಕೆಯೂ ನ್ಯಾಯವೇ. “ಒಡೆದರೆ ಯಾರು ಕೊಡುವುದು ಟೀಚರೇ? ಆಡಿಟ್‌ನವರಿಗೆ ನಾನು ಎಂತ ಹೇಳ್ಲಿ?” ಎಂದರು. ಬಿಐಇಆರ್‌ಟಿ ಮೇಡಂ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಒಂದು ಪುಟ ತಂದಿದ್ದರು. ಅದರಲ್ಲಿ ‘ಸಂವಹನ’ ಎಂದರೆ ಏನು ಎಂದು ಹೇಳುವಾಗ ಬ್ರೈಲ್, ಸಂಜ್ಞೆಭಾಷೆಯ ಜೊತೆಗೇ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದ್ದಾರೆ. ಅಂದರೆ ಕಾನೂನಿನ ಕಣ್ಣಿಗೆ ಆ ಟ್ಯಾಬ್ ಕಲಿಕೋಪಕರಣ ಮಾತ್ರ ಅಲ್ಲ, ಅವನ ಮಾತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಠರಾವು ಆಯಿತು: ಟ್ಯಾಬ್ ನಾಲ್ಕನೇ ತರಗತಿಯ ನಿತ್ಯ ಬಳಕೆಯಲ್ಲಿರುತ್ತದೆ, ಸಹಜವಾಗಿ ಹಾಳಾದರೆ ಟೀಚರ್ ಮೇಲೆ ಹೊಣೆ ಇಲ್ಲ. ಹೆಡ್‌ಮಾಷ್ಟ್ರು ಅದನ್ನು ದಾಸ್ತಾನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಇದಕ್ಕೆ ಹದಿನೈದು ನಿಮಿಷ ಸಾಕಾಯಿತು. ಆರು ತಿಂಗಳ ಕೆಳಗೆಯೇ ಕೇಳಬಹುದಿತ್ತು.

ಬೆರಳು, ಜೊಲ್ಲು, ದನಿ

ಇನ್ನು ನಿಜವಾದ ಕೆಲಸ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಂಥ ಮಕ್ಕಳಿರುವ ಬೇರೆ ಟೀಚರ್‌ಗಳಿಗೆ ಬೇಕಾಗುವುದು ಇದೇ.

ಪುಟ್ಟ ಒಂದೇ ಬೆರಳು ಚಾಚಲಾರ. ಮುಷ್ಟಿಯ ಬದಿಯಿಂದ ಒತ್ತುತ್ತಾನೆ. ಒಂದು ಚಿತ್ರಕ್ಕೆ ಹೋಗುವ ಕೈ ದಾರಿಯಲ್ಲಿ ಮೂರನ್ನು ತಾಗುತ್ತದೆ. ಟ್ಯಾಬ್ ಮೂರನ್ನೂ ಕೂಗಿ ಹೇಳುತ್ತದೆ. ಅದಕ್ಕೆ ಎರಡು ಉಪಾಯ ಮಾಡಿದೆವು. ಆ್ಯಪ್‌ನ ಸೆಟ್ಟಿಂಗಿನಲ್ಲಿ ಅರ್ಧ ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಲೆಕ್ಕ ಎಂದು ಇಟ್ಟೆವು. ಮತ್ತೆ ಪರದೆಯ ಮೇಲೆ ತೂತುಗಳಿರುವ ಒಂದು ಪಾರದರ್ಶಕ ಹಲಗೆ ಕೂರಿಸಿದೆವು. ಕೈ ಹಲಗೆಯ ಮೇಲೆ ಊರಿ ಜಾರಬಹುದು, ತೂತಿಗೆ ಬಂದಾಗ ಮಾತ್ರ ಪರದೆ ತಾಗುತ್ತದೆ. ಇದನ್ನು ಉಡುಪಿಯಲ್ಲಿ ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಶೀಟಿನಿಂದ ಕತ್ತರಿಸಿಕೊಟ್ಟರು. ಮೊದಲನೆಯದರಲ್ಲಿ ಎಂಟು ತೂತು. ಮುಷ್ಟಿ ಒಳಗೆ ಹೋಗಲಿಲ್ಲ. ಎರಡನೆಯದರಲ್ಲಿ ಆರು. ಹಾಗಾಗಿ ಒಂದು ಪುಟಕ್ಕೆ ಆರೇ ಬಟನ್ ಎಂದು ತೀರ್ಮಾನ ಮಾಡಿದ್ದು ನಾವಲ್ಲ, ಅವನ ಕೈ.

ಜೊಲ್ಲು ದೊಡ್ಡ ತೊಂದರೆ ಕೊಟ್ಟಿತು. ಟಚ್ ಪರದೆಯ ಮೇಲೆ ನೀರಿನ ಹನಿ ಬಿದ್ದರೆ ಅದು ಬೆರಳು ಅಂದುಕೊಂಡು ತಾನೇ ಒತ್ತಿಕೊಳ್ಳುತ್ತದೆ. ಕೆಲವು ದಿನ ಟ್ಯಾಬ್ ಸುಮ್ಮಸುಮ್ಮನೆ ಮಾತಾಡುತ್ತಿತ್ತು, ಮಕ್ಕಳು ನಗುತ್ತಿದ್ದರು, ಪುಟ್ಟನಿಗೆ ಬೇಜಾರಾಗುತ್ತಿತ್ತು. ಅಪ್ಪ ಹಲಸಿನ ಹಲಗೆಯಲ್ಲಿ ಒಂದು ಓರೆಯಾದ ಸ್ಟ್ಯಾಂಡ್ ಮಾಡಿಕೊಟ್ಟರು. ಬೋಟಿನ ರಿಪೇರಿ ಮಾಡಿ ಗೊತ್ತಿರುವ ಕೈ. ಟ್ಯಾಬ್ ಈಗ ಎದೆಯಿಂದ ಮುಂದಕ್ಕೆ ಹೋಯಿತು, ಜೊಲ್ಲು ಕೆಳಗೆ ಬೀಳತೊಡಗಿತು. ಅವನ ಮಣಿಕಟ್ಟಿಗೆ ಟವೆಲ್ ಬಟ್ಟೆಯ ಪಟ್ಟಿ ಕಟ್ಟಿದೆವು. ಒರೆಸಿಕೊಳ್ಳಲು ಅವನೇ ಕಲಿತ.

ಪಕ್ಕದ ಮಕ್ಕಳು ಯೂಟ್ಯೂಬ್ ತೆರೆಯದ ಹಾಗೆ ಸ್ಕ್ರೀನ್ ಪಿನ್ ಮಾಡಿಟ್ಟೆ. ಅದು ಸಣ್ಣ ವಿಷಯ.

ಇನ್ನು ದನಿ. ಆ್ಯಪ್‌ನಲ್ಲಿ ಕನ್ನಡ ದನಿ ಇತ್ತು. ದೊಡ್ಡ ಹೆಂಗಸಿನ ದನಿ, ರೈಲ್ವೆ ಸ್ಟೇಷನ್ನಿನ ಘೋಷಣೆಯ ಹಾಗೆ. ತುಳು ಇರಲಿಲ್ಲ. ‘ನನಗೆ ನೀರು ಬೇಕು’ ಎಂದು ಟ್ಯಾಬ್ ಹೇಳಿದಾಗ ಅಜ್ಜಿ ಅಮ್ಮನ ಕಡೆ ತಿರುಗಿ, ಇದು ಯಾರು ಮಾತಾಡುವುದು ಎಂದು ತುಳುವಿನಲ್ಲಿ ಕೇಳಿದರಂತೆ. ಆಗಲೇ ನನಗೆ ತಲೆಗೆ ಹೋದದ್ದು. ಅವನು ಹುಟ್ಟಿದಾಗಿನಿಂದ ಕೇಳಿದ್ದು ಬೋಡು, ಬೊಡ್ಚಿ. ಬೇಕು, ಬೇಡ ಎಂಬುದು ಅವನಿಗೆ ಶಾಲೆಯ ಮಾತು.

ನಾವೇ ರೆಕಾರ್ಡ್ ಮಾಡಿದೆವು. ನನ್ನ ದನಿ ಬೇಡ ಎಂದು ಬಿಐಇಆರ್‌ಟಿ ಮೇಡಂ ಮೊದಲೇ ಹೇಳಿದರು. ಒಂಬತ್ತು ವರ್ಷದ ಹುಡುಗ ಟೀಚರ್ ದನಿಯಲ್ಲಿ ಯಾಕೆ ಮಾತಾಡಬೇಕು ಅಲ್ವಾ? ಅವನ ಮನೆಯ ಹತ್ತಿರದ, ಅದೇ ತರಗತಿಯ ಒಬ್ಬ ಹುಡುಗನನ್ನು ಕರೆದೆವು. ಅವನಿಗೆ ಭಾರೀ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಒಂದೊಂದು ಮಾತನ್ನೂ ಮೂರು ಸಲ ಹೇಳಿದ. ಮೊದಲ ಪುಟ ಹೀಗಾಯಿತು: ಬೋಡು. ಬೊಡ್ಚಿ. ನನ, ಅಂದರೆ ಇನ್ನೂ. ಬಾತ್‌ರೂಮ್. ‘ನನಗೊಂದು ಹೇಳಲಿಕ್ಕುಂಟು.’ ಆರನೆಯದು ಎರಡನೇ ಪುಟಕ್ಕೆ ಹೋಗುವ ಬಟನ್.

ನೀರು, ಚೆಂಡು, ಬಿಸ್ಕೆಟ್ ಯಾವುದೂ ಮೊದಲ ಪುಟದಲ್ಲಿಲ್ಲ. ಅವುಗಳನ್ನು ಕಣ್ಣಲ್ಲಿ ನೋಡಿ ತೋರಿಸುವುದು ಅವನಿಗೆ ಬರುತ್ತದೆ. ‘ಬೊಡ್ಚಿ’ಯನ್ನು ಸಾವಿರ ಕಡೆ ಬಳಸಬಹುದು. ಬಟನ್‌ಗಳ ಜಾಗವನ್ನು ಇಡೀ ವರ್ಷ ಬದಲಿಸಲಿಲ್ಲ. ನಾವು ಕತ್ತಲೆಯಲ್ಲೂ ಮನೆಯ ಸ್ವಿಚ್ಚಿಗೆ ಕೈ ಹಾಕುವ ಹಾಗೆ ಅವನ ಕೈಗೆ ಜಾಗ ನೆನಪಾಗಬೇಕು. ಆರನ್ನೂ ಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಇಲ್ಲಿ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ.

ಏನಾಯಿತು

ಆಗಸ್ಟ್ ಮೊದಲ ಎರಡು ವಾರ ಏನೂ ಆಗಲಿಲ್ಲ. ನಾನು ಒತ್ತಿ ಮಾತಾಡುತ್ತಿದ್ದೆ, ಅವನು ನೋಡುತ್ತಿದ್ದ. ಹತ್ತು ಸೆಕೆಂಡ್ ಕಾಯುವುದು ನನಗೆ ಬಹಳ ಕಷ್ಟವಾಯಿತು. ಮೂರಕ್ಕೇ ಬಾಯಿ ತೆರೆಯುತ್ತಿದ್ದೆ. ಕೈ ಬೆನ್ನ ಹಿಂದೆ ಇಟ್ಟು ಬೆರಳು ಮಡಿಸಿ ಎಣಿಸಲು ಶುರು ಮಾಡಿದೆ. ಎಂಟು, ಒಂಬತ್ತಕ್ಕೆ ಅವನ ಕೈ ಏಳುತ್ತಿತ್ತು. ಮೂರು ವರ್ಷ ಅವನ ಉತ್ತರ ಬರುವ ಮೊದಲೇ ನಾನು ಮುಂದೆ ಹೋಗಿದ್ದೆ.

ಬಾತ್‌ರೂಮ್ ಬಟನ್ ಒತ್ತಿದಾಗ ಪ್ರತಿ ಸಲವೂ ಕರೆದುಕೊಂಡು ಹೋಗಬೇಕು ಎಂದು ನಿಯಮ ಮಾಡಿದೆವು. ಶುರುವಿಗೆ ಜಗಲಿಯಲ್ಲಿ ಮಳೆ ನೋಡಲಿಕ್ಕೂ ಒತ್ತಿದ. ಕರೆದುಕೊಂಡು ಹೋದೆವು. ಒತ್ತಿದರೆ ಏನೋ ಆಗುತ್ತದೆ ಎಂದು ಅವನಿಗೆ ನಂಬಿಕೆ ಬರಬೇಕಿತ್ತು. ದಸರಾ ರಜೆಯ ನಂತರ ಸುಮ್ಮನೆ ಒತ್ತುವುದು ಕಡಿಮೆಯಾಯಿತು. ಡಿಸೆಂಬರ್ ತಿಂಗಳಲ್ಲಿ ಚಡ್ಡಿ ಒದ್ದೆಯಾದದ್ದು ಎರಡೇ ಸಲ. ಎರಡೂ ಸಲ ಟ್ಯಾಬ್ ಚಾರ್ಜಿಗೆ ಹೋಗಿತ್ತು, ಕಾಗದದ ಹಲಗೆ ಬ್ಯಾಗಿನಲ್ಲೇ ಉಳಿದಿತ್ತು. ತಪ್ಪು ನಮ್ಮದು.

ನನಗೆ ತುಂಬಾ ನೆನಪಿರುವುದು ಬಿಸಿಯೂಟದ ಒಂದು ದಿನ. ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರೆ. ಪುಟ್ಟನಿಗೆ ಯಾವಾಗಲೂ ಬಾಳೆಹಣ್ಣೇ. ಮೆತ್ತಗೆ, ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದು ನಾವೇ ನಿರ್ಧಾರ ಮಾಡಿದ್ದೆವು. ಸೆಪ್ಟೆಂಬರಿನಲ್ಲಿ ಒಂದು ದಿನ ಅಡುಗೆಯ ಅಕ್ಕ ಹಣ್ಣು ಸುಲಿದು ಬಾಯಿಗೆ ಹಿಡಿದರು. ಅವನು ಬೊಡ್ಚಿ ಒತ್ತಿದ. ಮತ್ತೆ ಹಿಡಿದರು. ಮತ್ತೆ ಬೊಡ್ಚಿ. ಹುಷಾರಿಲ್ಲವೋ ಏನೋ ಎಂದು ಹಣೆ ಮುಟ್ಟಿ ನೋಡಿದೆ. ಅವನ ಕಣ್ಣು ಪಕ್ಕದ ಹುಡುಗಿಯ ತಟ್ಟೆಯಲ್ಲಿತ್ತು. ಅಕ್ಕ ಮೊಟ್ಟೆ ಎತ್ತಿ ತೋರಿಸಿದರು. ಬೋಡು. ಅಮ್ಮನಿಗೆ ಫೋನ್ ಮಾಡಿದೆ. “ಮನೆಯಲ್ಲಿ ಮೀನೇ ತಿಂತಾನೆ ಟೀಚರ್, ಮೊಟ್ಟೆ ಎಂತ? ಹುಡಿ ಮಾಡಿ ಸಾರಲ್ಲಿ ನೆನೆಸಿ ಕೊಡಿ” ಎಂದರು. ಅಡುಗೆಯ ಅಕ್ಕ ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಮೂರು ವರ್ಷದಿಂದ ಬಾಳೆಹಣ್ಣು ತಿನ್ನಿಸಿದ್ದು ಅವರ ಕೈ.

ಬೊಡ್ಚಿಯನ್ನು ಒಪ್ಪುವುದು ಎಂದು ಬರೆಯುವುದು ಸುಲಭ, ಪಾಲಿಸುವುದು ಕಷ್ಟ. ಗಣಿತಕ್ಕೂ ಬೊಡ್ಚಿ ಎನ್ನುತ್ತಿದ್ದ. ಬೇರೆ ಮಕ್ಕಳಿಗೆ ಗಣಿತ ಬೇಡ ಎನ್ನುವ ಹಕ್ಕಿಲ್ಲ, ಇವನಿಗೂ ಇಲ್ಲ. ಆದರೆ “ಬೇಡ ಅಂತ ಕೇಳಿಸಿತು. ಎರಡು ಲೆಕ್ಕ ಮಾಡಿ ನಿಲ್ಲಿಸುವ” ಎಂದು ಉತ್ತರ ಕೊಡುತ್ತಿದ್ದೆ. ಊಟ, ಮುಟ್ಟುವುದು, ಎತ್ತುವುದು, ಫೋಟೋ, ಇವುಗಳಲ್ಲಿ ಅವನ ಬೊಡ್ಚಿಯೇ ಕೊನೆಯ ಮಾತು. ಟ್ಯಾಬ್ ಕೊಟ್ಟ ಸಂಘದವರು ಒಮ್ಮೆ ನೋಡಲು ಬಂದು ಫೋಟೋಕ್ಕೆ ನಿಂತಾಗ ಬೊಡ್ಚಿ ಒತ್ತಿದ. ಅವರು ಮೊಬೈಲ್ ಕಿಸೆಗೆ ಹಾಕಿಕೊಂಡರು. ಅವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ತರಗತಿಯಲ್ಲಿ ಉತ್ತರ ಕೊಡುವ ಗುರಿಗೆ ಮೊದಲು ಪ್ರತಿ ಪಾಠಕ್ಕೂ ಹೊಸ ಚಿತ್ರದ ಪುಟ ಮಾಡುತ್ತಿದ್ದೆ. ರಾತ್ರಿ ಹನ್ನೊಂದರ ತನಕ ಕೂತು ಮಾಡಿ ಸುಸ್ತಾದೆ. ಒಂದು ತಿಂಗಳಲ್ಲಿ ಕೈಬಿಟ್ಟೆ. ಬಿಐಇಆರ್‌ಟಿ ಮೇಡಂ ಸುಲಭದ ದಾರಿ ಹೇಳಿದರು. ಎರಡನೇ ಪುಟದಲ್ಲಿ ಒಂದು, ಎರಡು, ಮೂರು, ನಾಲ್ಕು, ‘ಗೊತ್ತಿಲ್ಲ’, ‘ಹಿಂದಕ್ಕೆ’. ಕಪ್ಪು ಹಲಗೆಯಲ್ಲಿ ನಾಲ್ಕು ಉತ್ತರ ಬರೆದು ನಂಬರ್ ಹಾಕುವುದು. ಪುಟ್ಟ ನಂಬರ್ ಒತ್ತುತ್ತಾನೆ. ಪರಿಸರ ಅಧ್ಯಯನವೋ ಗಣಿತವೋ, ಅದೇ ಪುಟ ಸಾಕು. ‘ಗೊತ್ತಿಲ್ಲ’ ಎಂಬುದನ್ನು ಧೈರ್ಯವಾಗಿ ಒತ್ತುವ ಮಗು ನಮ್ಮ ತರಗತಿಯಲ್ಲಿ ಅವನೊಬ್ಬನೇ ಇದ್ದ. ನಂತರ ಉಳಿದವರೂ ಹೇಳತೊಡಗಿದರು.

ಒಮ್ಮೆ ಅಮ್ಮ ನನ್ನನ್ನು ತಿದ್ದಿದರು. ಮನೆಗೆ ಹೊರಟಾಗ “ಹೋಗುವನಾ?” ಎಂದು ಕೇಳಿದೆ. ಅವನು ಕಣ್ಣು ಮೇಲೆತ್ತಿದ. ನಾನು ಬೋಡು ಒತ್ತು ಎಂದು ಟ್ಯಾಬ್ ಮುಂದೆ ಹಿಡಿದೆ. “ಕಣ್ಣಲ್ಲಿ ಹೇಳಿದನಲ್ಲ ಟೀಚರ್, ಮತ್ತೆ ಯಾಕೆ ಒತ್ತಿಸ್ತೀರಿ?” ಎಂದರು. ನಿಜ. ಕಣ್ಣಲ್ಲಿ ಹೇಳಿದ್ದೂ ಮಾತೇ. ಅದಾದ ಮೇಲೆ ಹಾಗೆ ಮಾಡಿಲ್ಲ.

ಆಗದೆ ಉಳಿದದ್ದು

ಜನವರಿಯಲ್ಲಿ ಆ್ಯಪ್ ಅಪ್‌ಡೇಟ್ ಆಗಿ ನಮ್ಮ ಪುಟಗಳು, ರೆಕಾರ್ಡಿಂಗ್‌ಗಳು ಎಲ್ಲ ಹೋದವು. ನಾನು ಬ್ಯಾಕಪ್ ಇಟ್ಟಿರಲಿಲ್ಲ. ನಾಲ್ಕು ದಿನ ಪುಟ್ಟ ಕಾಗದದ ಹಲಗೆಯಲ್ಲಿ ಕಳೆದ. ಅದೇ ಹುಡುಗ ಮತ್ತೆ ಫ್ಯಾನ್ ಆರಿಸಿ ಎಲ್ಲವನ್ನೂ ಹೇಳಿಕೊಟ್ಟ. ಈಗ ಒಂದು ಪ್ರತಿ ನನ್ನ ಫೋನಿನಲ್ಲಿ, ಒಂದು ಅಪ್ಪನ ಫೋನಿನಲ್ಲಿ ಉಂಟು.

ಅಕ್ಷರದ ಗುರಿ ತಲುಪಲಿಲ್ಲ. ವರ್ಷದ ಕೊನೆಗೆ ಅವನ ಹೆಸರಿನ ಅಕ್ಷರಗಳು ಮತ್ತು ಇನ್ನು ನಾಲ್ಕೈದು, ಅಷ್ಟೇ. ಆರು ಬಟನ್‌ಗಳಲ್ಲೇ ಅವನನ್ನು ಇಟ್ಟುಬಿಟ್ಟರೆ ಮುಂದೆ ಅವನ ಮಾತು ಅಷ್ಟಕ್ಕೇ ನಿಲ್ಲುತ್ತದೆ. ಓದು ಬಂದರೆ ಮಾತ್ರ ಬೇಕಾದ್ದನ್ನು ಅವನೇ ಬರೆಯಬಹುದು. ಇದು ನನಗೆ ಚಿಂತೆಯೇ.

ಅಜ್ಜಿಗೆ ಇನ್ನೊಂದು ಹೆದರಿಕೆ ಇತ್ತು: ಮೆಷಿನ್ ಮಾತಾಡಿದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ ಎಂದು. ಇದನ್ನು ಸುಮಾರು ಮನೆಗಳಲ್ಲಿ ಕೇಳಿದ್ದೇನೆ. ಹಾಗಾಗುವುದಿಲ್ಲ, ಇದರ ಬಗ್ಗೆ ಸಂಶೋಧನೆಗಳು ಆಗಿವೆ, ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾದದ್ದೂ ಉಂಟು ಎಂದು ಚಿಕಿತ್ಸಕಿ ಅಜ್ಜಿಯ ಹತ್ತಿರ ಕೂತು ಹೇಳಿದರು. ಪುಟ್ಟ ಈಗ ಬೋಡು ಒತ್ತುವಾಗ ತುಟಿ ಸೇರಿಸಿ ‘ಬೋ’ ಎಂಬ ಹಾಗೆ ಒಂದು ಸದ್ದು ಮಾಡುತ್ತಾನೆ. ಟ್ಯಾಬ್‌ನಿಂದಲೇ ಅದು ಬಂತು ಎಂದು ನಾನು ಹೇಳಲಾರೆ. ಅಜ್ಜಿ ಮಾತ್ರ ಅದನ್ನು ಬಂದವರಿಗೆಲ್ಲ ಹೇಳುತ್ತಾರೆ.

‘ನನಗೊಂದು ಹೇಳಲಿಕ್ಕುಂಟು’ ಬಟನ್ ಅವನಿಗೆ ಎಲ್ಲಕ್ಕಿಂತ ಇಷ್ಟ. ಒತ್ತುತ್ತಾನೆ, ತರಗತಿ ಸುಮ್ಮನಾಗುತ್ತದೆ, ಎಲ್ಲರೂ ಅವನ ಕಡೆ ತಿರುಗುತ್ತಾರೆ. ಆಮೇಲೆ ನಾವು ಊಹೆ ಮಾಡುತ್ತಾ ಹೋಗಬೇಕು. ಮನೆಯದಾ, ಶಾಲೆಯದಾ? ಇವತ್ತಿನದಾ, ನಿನ್ನೆಯದಾ? ಅರ್ಧದಷ್ಟು ಸಲ ತಲುಪುತ್ತೇವೆ. ಉಳಿದ ಸಲ ಅವನೇ ಸುಸ್ತಾಗಿ ಮುಖ ತಿರುಗಿಸುತ್ತಾನೆ. ಆ ಅರ್ಧ ನನಗೆ ನಿದ್ದೆಗೆಡಿಸುತ್ತದೆ.

ಈ ಜೂನ್‌ನಲ್ಲಿ ಅವನು ಐದನೇ ತರಗತಿಗೆ ಹೋದ. ಹೊಸ ಮಾಷ್ಟ್ರಿಗೆ ಹಾಳೆಯ ಎರಡೂ ಬದಿ ಓದಿ ಹೇಳಿದೆ. ಹಿಂಬದಿ ಓದುವಾಗ ಅವರು ಕೇಳಿದರು, “ಹತ್ತು ಸೆಕೆಂಡ್ ಅಂದ್ರೆ ಬಹಳ ಹೊತ್ತಲ್ವಾ ಟೀಚರೇ?” ಹೌದು, ಬಹಳ ಹೊತ್ತು ಎಂದೆ. ಪುಟ್ಟ ಎತ್ತರವಾಗಿದ್ದಾನೆ, ಹಲಸಿನ ಸ್ಟ್ಯಾಂಡ್ ಸಾಲುವುದಿಲ್ಲ. ಬೋಟುಗಳು ದಡದಲ್ಲಿವೆ. ಅಪ್ಪ ನಿನ್ನೆ ಶಾಲೆಗೆ ಬಂದು ಹೊಸ ಡೆಸ್ಕಿನ ಅಳತೆ ತಗೊಂಡು ಹೋದರು.